ಕಟ್ಟಿಗೆ ಚಕ್ಕೆ ಹುರಿಯುವುದನ್ನು ನಾನು ಕಲಿತ ರೀತಿ

ಕಟ್ಟಿಗೆಯಿಂದ ಉರಿಯುವ ಅನಿಲ ತೆಗೆಯುವ ನನ್ನ ಗ್ಯಾಸಿಫೈಯರ್ ಪೈಪಿನೊಳಗೆ ಕಪ್ಪಗೆ ಅಂಟಿಕೊಳ್ಳುವ ಟಾರ್ (ಡಾಂಬರಿನಂಥ ಜಿಗುಟು) ಕೆರೆದು ಕೆರೆದು ಸಾಕಾಗಿತ್ತು. ಅದಕ್ಕೇ ಚಕ್ಕೆಗಳನ್ನು ಮೊದಲೇ ಹುರಿದು ಹಾಕಿ ನೋಡೋಣ ಅಂತ ಹೊರಟೆ. ಇದಕ್ಕೆ ಟಾರಿಫ್ಯಾಕ್ಷನ್ ಅನ್ನುತ್ತಾರೆ. ಗಾಳಿ ಒಳಗೆ ಹೋಗದ ಹಾಗೆ ಮುಚ್ಚಿ, 200ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಧಾನವಾಗಿ ಕಾಯಿಸುವುದು. ಇದ್ದಿಲು ಆಗುವುದಕ್ಕೆ ಎಷ್ಟೋ ಮೊದಲೇ ನಿಲ್ಲಿಸಬೇಕು.

ನನ್ನದು ಮುಚ್ಚಳವಿರುವ ಕಬ್ಬಿಣದ ಡ್ರಮ್ಮು. ಹೊಗೆ ಹೊರಗೆ ಹೋಗಲು ಒಂದು ಪೈಪು. ಅದನ್ನು ಮಾತ್ರ ಯಾವತ್ತೂ ಮುಚ್ಚಬೇಡಿ, ಒಳಗೆ ಒತ್ತಡ ಕಟ್ಟಿಕೊಳ್ಳುತ್ತದೆ.

ಮೊದಲ ಸಲ ಚಕ್ಕೆ ಸರಿಯಾಗಿ ಒಣಗಿರಲಿಲ್ಲ. ಡ್ರಮ್ಮಿನ ಗೋಡೆಗೆ ತಾಗಿಸಿದ್ದ ಥರ್ಮೋಕಪಲ್ (ಶಾಖ ಅಳೆಯುವ ತಂತಿ) 270 ಡಿಗ್ರಿ ತೋರಿಸಿತು, ನಾನು ಅದನ್ನೇ ನಂಬಿ ಅರ್ಧ ಗಂಟೆ ಬಿಟ್ಟು ಬೆಂಕಿ ಆರಿಸಿದೆ. ತೆಗೆದು ನೋಡಿದರೆ ಅಂಚಿನದೆಲ್ಲ ಇದ್ದಿಲು, ನಡುವಿನದು ಹಾಕಿದಾಗ ಹೇಗಿತ್ತೋ ಹಾಗೇ ಇದೆ. ನೀರು ಪೂರ್ತಿ ಆವಿಯಾಗುವ ತನಕ ಆ ಜಾಗ 100 ಡಿಗ್ರಿ ದಾಟುವುದೇ ಇಲ್ಲ, ಅಲ್ವಾ? ಅವತ್ತಿಂದ ತೇವ 10%ಕ್ಕಿಂತ ಕಡಿಮೆ ಆಗದೆ ಡ್ರಮ್ಮಿಗೆ ತುಂಬುವುದಿಲ್ಲ. ಒಂದು ಹಿಡಿ ತೂಗಿ, 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಿದರೆ ಲೆಕ್ಕ ಸಿಗುತ್ತದೆ. ಥರ್ಮೋಕಪಲ್ ಈಗ ರಾಶಿಯ ಹೊಟ್ಟೆಯೊಳಗೇ ಇರುತ್ತದೆ.

ವಾಸನೆಯೂ ಹೇಳುತ್ತದೆ. ಮೊದಲು ಬರೀ ಆವಿ. ಆಮೇಲೆ ಮೂಗಿಗೆ ಚುರ್ ಅನ್ನುವ ವಿನೆಗರ್ ಹುಳಿ. ಕಟ್ಟಿಗೆಯಲ್ಲಿ ಬೇಗ ಒಡೆಯುವ ಅಂಶವಾದ ಹೆಮಿಸೆಲ್ಯುಲೋಸ್ ಒಡೆದು ಅಸಿಟಿಕ್ ಆಮ್ಲ ಹೊರಗೆ ಬರುತ್ತಿದೆ ಅಂತ ಅರ್ಥ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡೂ ಇರುತ್ತದೆ, ಹಾಗಾಗಿ ಈ ಕೆಲಸ ಬಯಲಲ್ಲೇ ಮಾಡಿ, ಬಗ್ಗಿ ಮೂಸಬೇಡಿ. ರಾಶಿಯ ನಡುವಿನ ಶಾಖ 240 ಡಿಗ್ರಿಗೆ ಬಂದ ಕೂಡಲೇ ನಾನು ಉರಿ ತಗ್ಗಿಸುತ್ತೇನೆ. 280ರ ಆಸುಪಾಸಿನಲ್ಲಿ ಕಟ್ಟಿಗೆಯೇ ಶಾಖ ಬಿಡಲು ಶುರು ಮಾಡುತ್ತದೆ, ಆಮೇಲೆ ತಡೆಯುವುದು ಕಷ್ಟ.

ಒಂದು ಸಲ ಆತುರಪಟ್ಟು, ಇನ್ನೂ ಬಿಸಿ ಇರುವಾಗಲೇ ಮುಚ್ಚಳ ತೆಗೆದೆ. ಗಾಳಿ ಸೋಕಿದ್ದೇ ತಡ, ಮೇಲಿನ ಚಕ್ಕೆಗಳ ಅಂಚು ಕೆಂಪಗಾಯಿತು, ಕೆಲವೇ ನಿಮಿಷದಲ್ಲಿ ಇಡೀ ರಾಶಿ ಕೆಂಡ. ಈಗ ಮುಟ್ಟಿದರೆ ಕೈಗೆ ತಣ್ಣಗೆ ಅನ್ನಿಸುವ ತನಕ ತೆರೆಯುವುದಿಲ್ಲ, ರಾತ್ರಿ ಪೂರ್ತಿ ಕಾದರೂ ಸರಿ.

ಸರಿಯಾಗಿ ಆದದ್ದು ಕಾಫಿ ಬೀಜದ ಬಣ್ಣಕ್ಕೆ ಬರುತ್ತದೆ. ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದರೆ ನಾರು ಎಳೆಯದೆ ಟಕ್ ಅಂತ ಮುರಿಯುತ್ತದೆ. ಪುಡಿ ಮಾಡುವುದು ತುಂಬಾ ಸಲೀಸು, ಮೊದಲಿನಷ್ಟು ನೀರನ್ನೂ ಹೀರುವುದಿಲ್ಲ. ಒಣಗಿದ 10 ಕೆಜಿ ಹಾಕಿದರೆ ಸುಮಾರು 7 ಕೆಜಿ ಉಳಿಯುತ್ತದೆ, ಆದರೆ ಅದರಲ್ಲಿ ಮೊದಲಿದ್ದ ಶಕ್ತಿಯ 90% ಹತ್ತಿರ ಇರುತ್ತದೆ. ಟಾರ್ ಪೂರ್ತಿ ಹೋಗಲಿಲ್ಲ, ಆದರೆ ಪೈಪು ಕೆರೆಯುವ ಕೆಲಸ ಎದ್ದು ಕಾಣುವಷ್ಟು ಕಡಿಮೆಯಾಗಿದೆ.

ಒಣಹುಲ್ಲಿಗೆ ಮಾತ್ರ ಇದಷ್ಟೇ ಸಾಲದು. ಅದರ ಪೊಟ್ಯಾಸಿಯಂ ಹುರಿದರೆ ಹೋಗುವುದಿಲ್ಲ, ಅದರಿಂದಾಗಿ ಗ್ಯಾಸಿಫೈಯರ್ ಒಳಗೆ ಬೂದಿ ಕರಗಿ ಗಟ್ಟಿ ಹೆಂಟೆ ಕಟ್ಟುತ್ತದೆ. ಹುಲ್ಲನ್ನು ಮೊದಲು ನೀರಲ್ಲಿ ನೆನೆಸಿ ತೊಳೆದರೆ ಎಷ್ಟೋ ವಾಸಿ, ಆದರೆ ಮತ್ತೆ ಒಣಗಿಸುವ ಕೆಲಸ ಜಾಸ್ತಿ. ನಾನು ಸದ್ಯಕ್ಕೆ ಚಕ್ಕೆಯಲ್ಲೇ ಇದ್ದೇನೆ.