ಒಂದೇ ಡಬ್ಬಿ, ಮೂರು ಉತ್ತರ: ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅಳೆದ ನನ್ನ ಅನುಭವ

ಒಂದೇ ಡಬ್ಬಿಯಿಂದ ಮೂರು ಸಲ 25 ಗ್ರಾಂ ಶೇಂಗಾ ಪುಡಿ ತೂಗಿ, ಬೂಷ್ಟಿನಿಂದ ಹುಟ್ಟುವ ವಿಷವಾದ ಅಫ್ಲಾಟಾಕ್ಸಿನ್ ಅಳೆದೆ. ಕಿಲೊಗ್ರಾಂಗೆ ಸುಮಾರು 3, 29 ಮತ್ತು 8 ಮೈಕ್ರೊಗ್ರಾಂ ಎಂಬ ಮೂರು ಉತ್ತರಗಳು ಬಂದವು. ಮೊದಲನೆಯದನ್ನು ನಂಬಿದರೆ ಆ ಲಾಟು, ನೇರವಾಗಿ ತಿನ್ನುವ ಶೇಂಗಾಕ್ಕೆ ಐರೋಪ್ಯ ಒಕ್ಕೂಟ ಇಟ್ಟಿರುವ ಒಟ್ಟು 4 ಮೈಕ್ರೊಗ್ರಾಂ ಮಿತಿಯಲ್ಲಿ ಪಾಸಾಗುತ್ತದೆ. ಮೂರನೆಯದನ್ನು ನಂಬಿದರೆ, ಮುಂದೆ ಸಂಸ್ಕರಿಸಲಿರುವ ಶೇಂಗಾಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಇಟ್ಟಿರುವ 15ರ ಮಿತಿಯಲ್ಲಿ ಪಾರಾಗುತ್ತದೆ, ಆ 4ರಲ್ಲಿ ಇಲ್ಲ. ಎರಡನೆಯದೇ ನಿಜವಾದರೆ ಈ ಎರಡರಲ್ಲಿ ಯಾವುದರಲ್ಲೂ ನಿಲ್ಲುವುದಿಲ್ಲ. ವರದಿಗೆ ಸಹಿ ಹಾಕಬೇಕಾದವನು ನಾನು.

ತಪ್ಪು ಎಚ್‌ಪಿಎಲ್‌ಸಿಯದ್ದೇ (ದ್ರವದಲ್ಲಿನ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಎಂದು ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಹೇಳಿದರು, ನಾನೂ ನಂಬಿದೆ. ಫ್ಲೋರೆಸೆನ್ಸ್ ಡಿಟೆಕ್ಟರಿನ ದೀಪ ಬದಲಾಯಿಸಿದೆವು, ಕಾಲಂನ ನಂತರ ಬರುವ, ಬೆಳಕು ಹಾಯಿಸಿ ವಿಷದ ಹೊಳಪು ಹೆಚ್ಚಿಸುವ ಫೋಟೊಕೆಮಿಕಲ್ ರಿಯಾಕ್ಟರನ್ನು ಬಿಚ್ಚಿ ಕಟ್ಟಿದೆವು, ಹೋಲಿಸಿ ಅಳೆಯಲು ಹೊಸ ಸ್ಟ್ಯಾಂಡರ್ಡ್ ತರಿಸಿದೆವು, ಬೇರೆ ತಯಾರಕರ ಇಮ್ಯುನೊಅಫಿನಿಟಿ ಕಾಲಂಗಳನ್ನು (ಸಾರದಿಂದ ಅಫ್ಲಾಟಾಕ್ಸಿನ್ನನ್ನಷ್ಟೇ ಹಿಡಿದಿಡುವ ಪುಟ್ಟ ಕೊಳವೆಗಳು) ಪೆಟ್ಟಿಗೆಗಟ್ಟಲೆ ಕೊಂಡೆವು. ನಾಲ್ಕು ತಿಂಗಳು ಹೋಯಿತು, ಆ ವರ್ಷದ ಖರ್ಚಿನ ಸಾಮಗ್ರಿಗಳಿಗೆ ಸಿಕ್ಕಿದ್ದ ಹಣದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲೂ ಹೋಯಿತು. ಪುಡಿಯಿಂದ ತೆಗೆದ ಒಂದೇ ಸಾರವನ್ನು ಆರು ಸಲ ಇಂಜೆಕ್ಟ್ ಮಾಡಿದಾಗ ಉತ್ತರಗಳು ಶೇಕಡಾ 2ರೊಳಗೆ ಕೂಡಿ ಬರುತ್ತಿದ್ದವು ಎಂಬ ಸಂಗತಿ ಮೊದಲ ವಾರವೇ ನನ್ನ ನೋಟ್‌ಬುಕ್ಕಿನಲ್ಲಿತ್ತು. ಅಂದರೆ ಯಂತ್ರ ಸರಿಯಾಗಿಯೇ ಇತ್ತು, ಅದನ್ನು ಓದಿಕೊಂಡಿದ್ದರೆ ಅಷ್ಟೂ ಹಣ ಉಳಿಯುತ್ತಿತ್ತು.

ಕಣ್ಣು ತೆರೆಸಿದ್ದು ಒಂದು ಸರಳ ಲೆಕ್ಕ. ಒಂದೇ ಒಂದು ಶೇಂಗಾ ಬೀಜದಲ್ಲಿ ಕಿಲೊಗೆ ಹತ್ತು ಲಕ್ಷ ಮೈಕ್ರೊಗ್ರಾಂಗೂ ಮಿಕ್ಕಿದ ಸಾಂದ್ರತೆಯ ಅಫ್ಲಾಟಾಕ್ಸಿನ್ ಇದ್ದದ್ದು 1966ರಷ್ಟು ಹಿಂದೆಯೇ ವರದಿಯಾಗಿದೆ. ಬೀಜದ ತೂಕ ಅರ್ಧ ಗ್ರಾಂ ಎಂದಿಟ್ಟುಕೊಂಡರೆ ಅದರಲ್ಲಿರುವುದು 500 ಮೈಕ್ರೊಗ್ರಾಂ. ಐದು ಕಿಲೊ ಮಾದರಿಯಲ್ಲಿ ಅಂಥ ಬೀಜಗಳು ಹತ್ತು ಸಾವಿರ. ಅವುಗಳಲ್ಲಿ 9,999 ಪೂರ್ತಿ ಶುದ್ಧವಾಗಿದ್ದು ಒಂದು ಮಾತ್ರ ಹೀಗೆ ಕೆಟ್ಟಿದ್ದರೂ ಇಡೀ ಮಾದರಿಯ ಸರಾಸರಿ 100ಕ್ಕೆ ಏರುತ್ತದೆ. ಆ ಒಂದು ಬೀಜದ ಚೂರುಗಳು ನನ್ನ 25 ಗ್ರಾಂನಲ್ಲಿ ಎಷ್ಟು ಬಂದು ಬೀಳುತ್ತವೆ ಎಂಬುದು ಕೇವಲ ಅದೃಷ್ಟ. ನಾನು ಅಷ್ಟು ದಿನ ಅಳೆಯುತ್ತಿದ್ದದ್ದು ಅದೃಷ್ಟವನ್ನೇ.

ಹಾಗಾದರೆ ಇನ್ನಷ್ಟು ನುಣ್ಣಗೆ ಅರೆದರಾಯಿತು ಎಂದುಕೊಂಡೆ. ಒಣಗಿಸಿ ಅರೆದ ಶೇಂಗಾ ಏನಾಗುತ್ತದೆಂದು ಮಾಡಿದವರಿಗೆ ಗೊತ್ತು: ಎರಡು ನಿಮಿಷಕ್ಕೆ ಬಿಸಿಯಾಗಿ ಎಣ್ಣೆ ಬಿಡುತ್ತದೆ, ಅಲಗಿನ ಕೆಳಗೆ ಮೇಣದಂತೆ ಅಂಟುತ್ತದೆ, ಮೇಲಿನ ಅರೆಬರೆ ಚೂರುಗಳು ಹಾಗೆಯೇ ಸುತ್ತುತ್ತಿರುತ್ತವೆ. ಡ್ರೈ ಐಸ್ ಹಾಕಿ ಅರೆದೆ. ಪುಡಿ ನಿಜಕ್ಕೂ ಚೆನ್ನಾಗಿ ಬಂತು, ಆದರೆ ಡಬ್ಬಿ ತೆರೆದ ಕೂಡಲೇ ಗಾಳಿಯ ತೇವ ಹಿಡಿದು ಗಟ್ಟಿಯಾಯಿತು, ಮತ್ತು ಐದು ಕಿಲೊ ಮಾದರಿಗೆ ಬೇಕಾಗುವ ಡ್ರೈ ಐಸಿನ ಬಿಲ್ಲು ನೋಡಿ ಲೆಕ್ಕಪತ್ರದವರು ನನ್ನನ್ನು ಕರೆಸಿದರು. ಮೇಲಾಗಿ, ಕೆಟ್ಟ ಲಾಟಿನ ನಂತರ ಅರೆದ ಶುದ್ಧ ಮಾದರಿಯಲ್ಲಿ 2 ಮೈಕ್ರೊಗ್ರಾಂ ಕಾಣಿಸಿಕೊಂಡಿತು. ಅಲಗಿನ ತಿರುಪಿನ ಸಂದಿಯಲ್ಲಿ ಹಳೆಯ ಹಿಟ್ಟು ಕುಳಿತಿತ್ತು.

ಮುಂದಿನ ಪ್ರಯತ್ನಕ್ಕೆ ಕಾಲಂ ಹಾಳು ಮಾಡಬಾರದೆಂದು ನಿರ್ಧರಿಸಿ, ವಿಷದ ಬದಲು ಬಣ್ಣ ಹಿಡಿದೆ. ಸಿಪ್ಪೆ ತೆಗೆದ ಹತ್ತು ಬೀಜಗಳಿಗೆ ಗಾಢ ನೀಲಿ ಬಣ್ಣ ಕುಡಿಸಿ, ಒಣಗಿಸಿ, ಐದು ಕಿಲೊ ಬಿಳಿ ಬೀಜಗಳಲ್ಲಿ ಬೆರೆಸಿ ಅರೆದು, ಚಮಚ ಚಮಚವಾಗಿ ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೀಲಿ ಚುಕ್ಕೆಗಳನ್ನು ಎಣಿಸಿದೆ. ಒಣ ಪುಡಿಯ ಹನ್ನೆರಡು ಚಮಚಗಳಲ್ಲಿ ಮೂರರಲ್ಲಿ ಒಂದೂ ಚುಕ್ಕೆಯಿರಲಿಲ್ಲ, ಒಂದರಲ್ಲಿ ನಲವತ್ತರ ಹತ್ತಿರ ಇದ್ದವು. ಅದೇ ಪ್ರಯೋಗವನ್ನು ನೀರು ಹಾಕಿ ಮಾಡಿದ ಮೊದಲ ಸಲ ಬಣ್ಣ ನೀರಿಗೆ ಬಿಟ್ಟು ಇಡೀ ಬಕೆಟ್ಟು ಆಕಾಶದಂತೆ ನೀಲಿಯಾಯಿತು, ಅಕ್ಕಪಕ್ಕದ ಕೋಣೆಯವರೆಲ್ಲ ಬಂದು ನಕ್ಕು ಹೋದರು. ನೀರಿಗೂ ಎಣ್ಣೆಗೂ ಬಿಡದ ಬಣ್ಣ ಹುಡುಕಿ ಮತ್ತೆ ಮಾಡಿದಾಗ ಪ್ರತಿ ಚಮಚದಲ್ಲೂ ಚುಕ್ಕೆಗಳಿದ್ದವು, ಎಣಿಕೆಯೂ ಹೆಚ್ಚುಕಡಿಮೆ ಒಂದೇ ಇತ್ತು.

ಹೀಗೆ ನೀರು ಹಾಕಿ ಅರೆದು ಸ್ಲರಿ, ಅಂದರೆ ತೆಳು ಹಿಟ್ಟು, ಮಾಡುವುದು ಹೊಸ ಸಂಗತಿಯೇನಲ್ಲ. ಆದರೆ ನಮ್ಮಲ್ಲಿನ ಹಿರಿಯರೊಬ್ಬರು ‘ಮೊದಲೇ ಇರುವುದು ಚೂರು ವಿಷ, ಅದಕ್ಕೆ ನೀರು ಬೇರೆ ಸುರಿದರೆ ಏನು ಸಿಗುತ್ತದೆ?’ ಎಂದು ಪಟ್ಟು ಹಿಡಿದಿದ್ದರು, ಮತ್ತು ನನ್ನ ಮೊದಲ ಫಲಿತಾಂಶಗಳು ಅವರನ್ನೇ ಗೆಲ್ಲಿಸಿದವು. ಒಂದು ಕಿಲೊ ಬೀಜಕ್ಕೆ ಒಂದೂವರೆ ಲೀಟರ್ ನೀರಿನಂತೆ ಹಾಕಿ, ಗೋಡೆಗೆ ಬಳಿಯುವ ಬಣ್ಣದ ಹದಕ್ಕೆ ಅರೆದು 125 ಗ್ರಾಂ ತೂಗಿಕೊಂಡಿದ್ದೆ. ಅದರಲ್ಲಿ ಬೀಜ ಇರುವುದು 50 ಗ್ರಾಂ ಮಾತ್ರ ಎಂಬುದನ್ನು ಮರೆತು 125ರಿಂದಲೇ ಭಾಗಿಸಿದ್ದರಿಂದ ಉತ್ತರಗಳೆಲ್ಲ ಎರಡೂವರೆ ಪಟ್ಟು ಕಡಿಮೆ ಬಂದಿದ್ದವು. ಅದನ್ನು ಸರಿಪಡಿಸಿದ ಮೇಲೂ ಸ್ಪೈಕ್ ಮಾಡಿದ (ಗೊತ್ತಿರುವಷ್ಟು ವಿಷ ಬೆರೆಸಿದ) ಮಾದರಿಯ ರಿಕವರಿ, ಅಂದರೆ ಮರಳಿ ಸಿಗುವ ಪಾಲು, ಶೇಕಡಾ 60ರ ಮೇಲೆ ಏಳಲಿಲ್ಲ. ಕಾರಣ ಮತ್ತೆ ನೀರೇ: ವಿಷವನ್ನು ಕರಗಿಸಿ ಹೊರತೆಗೆಯಲು ಎಂದಿನಂತೆ 80:20ರ ಮೆಥನಾಲ್-ನೀರು ಮಿಶ್ರಣವನ್ನು 250 ಮಿಲಿಲೀಟರ್ ಸುರಿಯುತ್ತಿದ್ದೆ, ಆದರೆ ಸ್ಲರಿಯಲ್ಲಿ ಆಗಲೇ 75 ಗ್ರಾಂ ನೀರು ಇರುವುದರಿಂದ ಮೆಥನಾಲ್ ಪ್ರಮಾಣ 62ರ ಸುಮಾರಿಗೆ ಇಳಿಯುತ್ತಿತ್ತು. ಈಗ ಬರೀ ಮೆಥನಾಲ್ 300 ಮಿಲಿಲೀಟರ್ ಹಾಕುತ್ತೇನೆ, ಸ್ಲರಿಯ ನೀರು ಸೇರಿ ತಾನಾಗಿ 80:20 ಆಗುತ್ತದೆ. ರಿಕವರಿ 85ರಿಂದ 95ರ ನಡುವೆ ನಿಂತಿದೆ.

ಕಾಲಂಗಳ ವಿಷಯದಲ್ಲಿ ಅವಸರವೇ ನನ್ನ ಶತ್ರುವಾಗಿತ್ತು. ಸೋಸಿದ ಸಾರ 10 ಮಿಲಿಲೀಟರಿಗೆ ಬಫರ್ 50 ಸೇರಿಸಿ, ಗ್ಲಾಸ್ ಫೈಬರ್ ಕಾಗದದಲ್ಲಿ ಮತ್ತೊಮ್ಮೆ ಸೋಸಿ, ಸೆಕೆಂಡಿಗೆ ಒಂದು ಹನಿಯಂತೆ ಇಳಿಸಬೇಕು. ಸಂಜೆಯಾಯಿತೆಂದು ನಿರ್ವಾತ ಹಚ್ಚಿ ಎಳೆದ ದಿನಗಳ ಉತ್ತರಗಳೆಲ್ಲ ಕೆಳಗೇ ಬಿದ್ದಿವೆ. ಬಳಸಿದ ಕಾಲಂಗೆ ಫಾಸ್ಫೇಟ್ ಬಫರ್ ತುಂಬಿ ರಾತ್ರಿ ಫ್ರಿಜ್ಜಿನಲ್ಲಿಟ್ಟು ಮತ್ತೆ ಬಳಸಿಯೂ ನೋಡಿದ್ದೇನೆ. ಎರಡನೇ ಸಲ ಶೇಕಡಾ 90ರಷ್ಟು ಕೆಲಸ ಮಾಡಿತು, ಮೂರನೇ ಸಲ 70ಕ್ಕೆ ಇಳಿಯಿತು. ಹೊಸಬರಿಗೆ ಕೈಪಳಗಿಸಲು ಅವನ್ನು ಕೊಡುತ್ತೇನೆ, ವರದಿಗೆ ಹೋಗುವ ಮಾದರಿಗೆ ಎಂದೂ ಇಲ್ಲ.

ನಡುವೆ ಎರಡು ಅಡ್ಡದಾರಿ ಹಿಡಿದೆ. 365 ನ್ಯಾನೊಮೀಟರ್ ಅತಿನೇರಳೆ ದೀಪದ ಕೆಳಗೆ ಹೊಳೆಯುವ ಬೀಜಗಳನ್ನು ಆರಿಸಿ ತೆಗೆದರೆ ಸಾಕೇ ಎಂದು ನೋಡಿದೆ. ಹೊಳೆದವುಗಳಲ್ಲಿ ಎಷ್ಟೋ ಶುದ್ಧವಾಗಿದ್ದವು, ಮಂಕಾಗಿದ್ದ ಒಂದರಲ್ಲಿ ವಿಷ ತುಂಬಿತ್ತು. ಮೆಕ್ಕೆಜೋಳದಲ್ಲಿ ಕಾಣುವ ಹಸಿರು ಹಳದಿ ಹೊಳಪು ಕೂಡ ಕೋಜಿಕ್ ಆಮ್ಲದಿಂದ ಬರುವುದೇ ಹೊರತು ಅಫ್ಲಾಟಾಕ್ಸಿನ್ನಿನದಲ್ಲ, ಹಾಗಾಗಿ ದೀಪವನ್ನು ಕಪಾಟಿಗೆ ಸೇರಿಸಿದೆ. ಎರಡನೆಯದು ಹೆಚ್ಚು ಸ್ವಾರಸ್ಯಕರ. ಬೀಜಗಳನ್ನು ನೀರಿಗೆ ಸುರಿದು ತೇಲಿದವನ್ನು ಬೇರೆ ಅಳೆದಾಗ, ತೂಕದಲ್ಲಿ ಹತ್ತನೇ ಒಂದರಷ್ಟಿದ್ದ ಆ ಸುಕ್ಕುಬೀಜಗಳಲ್ಲಿ ಒಟ್ಟು ವಿಷದ ಮುಕ್ಕಾಲು ಪಾಲು ಸಿಕ್ಕಿತು. ಎರಡೇ ಲಾಟುಗಳ ಮಾತು ಇದು, ಆದರೂ ಕೈಬಿಡುವ ಮನಸ್ಸಿಲ್ಲ.

ಕೊನೆಗೆ ಆ ಹಿರಿಯರೇ ಪರೀಕ್ಷೆ ಒಡ್ಡಿದರು. ಒಂದೇ ಬಕೆಟ್ಟಿನ ಸ್ಲರಿಯನ್ನು ಬೇರೆ ಬೇರೆ ಗುರುತು ಹಾಕಿದ ಎರಡು ಬಾಟಲಿಗಳಲ್ಲಿ ತುಂಬಿ, ಬೇರೆ ಲಾಟುಗಳದ್ದೆಂದು ಹೇಳಿ, ಒಂದು ವಾರದ ಅಂತರದಲ್ಲಿ ನನಗೆ ಕೊಟ್ಟರು. ನಾನು ಬರೆದುಕೊಟ್ಟದ್ದು 11.2 ಮತ್ತು 10.7. ಅವರು ಏನೂ ಹೇಳದೆ ಎರಡೂ ಚೀಟಿಗಳನ್ನು ಜೇಬಿಗೆ ಹಾಕಿಕೊಂಡರು. ಒಂದೇ ಸ್ಲರಿಯಿಂದ ತೆಗೆದ ಹತ್ತು ಭಾಗಗಳ ಏರಿಳಿತ ಈಗ ಶೇಕಡಾ 8ರ ಆಸುಪಾಸು. ಒಣ ಪುಡಿಯ ಕಾಲದಲ್ಲಿ ಅದು 60ಕ್ಕೂ ಹೆಚ್ಚಿತ್ತು. ನೀರನ್ನು ಎಷ್ಟು ಕಂತಿನಲ್ಲಿ, ಯಾವ ಬಿಸಿಯಲ್ಲಿ ಹಾಕುತ್ತೇನೆ ಮತ್ತು ನೊರೆಯನ್ನು ಹೇಗೆ ಅಡಗಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕಾಗಿ ನಾನು ಕಳೆದ ಬಕೆಟ್ಟುಗಳ ಲೆಕ್ಕ ಇನ್ನೂ ತೀರಿಲ್ಲ.

ಇದರಿಂದ ಸರಿಹೋದದ್ದು ಡಬ್ಬಿಯೊಳಗಿನ ಏರುಪೇರು ಮಾತ್ರ. ಲಾಟಿನಿಂದ ಮಾದರಿ ತೆಗೆಯುವಾಗಿನ ತಪ್ಪು ಅದಕ್ಕಿಂತ ದೊಡ್ಡದು. ಐರೋಪ್ಯ ನಿಯಮ ದೊಡ್ಡ ಶೇಂಗಾ ಲಾಟಿಗೆ ನೂರು ಕಡೆಯಿಂದ ಸೇರಿಸಿದ 20 ಕಿಲೊ ಕೇಳುವುದು ಸುಮ್ಮನೆ ಅಲ್ಲ. ಮೇಲಿನ ಎರಡು ಚೀಲಗಳಿಂದ ಮಾತ್ರ ತುಂಬಿ ತಂದ ಮಾದರಿಯನ್ನು ನಾನೀಗ ಹಿಂದಕ್ಕೆ ಕಳಿಸುತ್ತೇನೆ. ಸ್ಲರಿ ಬಹಳ ಹೊತ್ತು ನಿಲ್ಲುವುದೂ ಇಲ್ಲ. ತೂಗಿ ಬಾಟಲಿಗೆ ಹಾಕಿ ಕೂಡಲೇ ಮೈನಸ್ 20ಕ್ಕೆ ಸೇರಿಸಬೇಕು, ಕರಗಿದ ಮೇಲೆ ಬಾಟಲಿಯಲ್ಲಿರುವಷ್ಟನ್ನೂ ಒಟ್ಟಿಗೇ ಬಳಸಬೇಕು, ಅದರಿಂದ ಮತ್ತೆ ಚಮಚ ಹಾಕಿ ತೆಗೆಯಬಾರದು. ಮೆಕ್ಕೆಜೋಳಕ್ಕೆ ಇದೇ ನೀರು ಸಾಲದು: ಮೊನ್ನೆ ಅದೇ ಅಳತೆಯಲ್ಲಿ ಹಾಕಿದಾಗ ಹಿಟ್ಟು ನೀರು ಕುಡಿದು ಉಬ್ಬಿ ಮೋಟಾರು ನಿಂತಿತು. ಎರಡು ಪಟ್ಟು ನೀರಿನಲ್ಲಿ ಈ ವಾರ ಮತ್ತೆ ಮಾಡುತ್ತಿದ್ದೇನೆ, ಮೆಥನಾಲ್ ಲೆಕ್ಕವನ್ನು ಈ ಸಲ ಮೊದಲೇ ಬರೆದಿಟ್ಟುಕೊಂಡಿದ್ದೇನೆ.