ಸರ್ಕಾರಿ ಸೀಟೋ, ಮಂಗಳೂರಿನ ಕಂಪೆನಿಯೋ: ಹೊರೆ, ಹುಮ್ಮಸ್ಸು ಎರಡನ್ನೂ ಅಳೆಯುವ ಬಗೆ

ಕಾಸರಗೋಡಿನ ಕನ್ನಡಿಗ ಪದವೀಧರರು ಸಾಮಾನ್ಯವಾಗಿ ತೂಗಿ ನೋಡುವುದು ಎರಡು ದಾರಿಗಳನ್ನು: ಕೇರಳ ಪಿಎಸ್‌ಸಿ ಬರೆದು ಊರಿನ ಕಚೇರಿ ಸೇರುವುದು, ಇಲ್ಲವೇ ಗಡಿಯ ತಲಪಾಡಿ ದಾಟಿ ಮಂಗಳೂರಿನಲ್ಲಿ ಖಾಸಗಿ ಕೆಲಸ ಹಿಡಿಯುವುದು. ‘ಸರ್ಕಾರಿಯಲ್ಲಿ ಆರಾಮ, ಖಾಸಗಿಯಲ್ಲಿ ದುಡಿತ’ ಎಂಬ ಮಾತು ಕೇಳಿ ತೀರ್ಮಾನಿಸಿದರೆ ಕೆಡುವುದು ನಿಶ್ಚಿತ. ಒಂದೇ ಪಂಚಾಯತು ಕಚೇರಿಯಲ್ಲಿ ಒಬ್ಬರ ಸೀಟಿಗೆ ಊಟಕ್ಕೆ ಏಳಲೂ ಪುರುಸೊತ್ತಿರುವುದಿಲ್ಲ, ಪಕ್ಕದ ಸೀಟಿನ ಕೆಲಸ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಆದ್ದರಿಂದ ನಿಮಗೆ ಸಿಗಬಹುದಾದ ನಿರ್ದಿಷ್ಟ ಸೀಟನ್ನೇ ಹೋಲಿಸಿ. ಕೆಲಸದ ಹೊರೆಗೊಂದು ಹಾಳೆ, ಹುಮ್ಮಸ್ಸಿಗೊಂದು ಹಾಳೆ ಇಟ್ಟುಕೊಳ್ಳಿ. ಎರಡನ್ನೂ ಒಂದರಲ್ಲೇ ಬರೆದರೆ ಸಂಬಳದ ಸಿಟ್ಟು ಹೊರೆಯ ಲೆಕ್ಕದೊಳಗೆ ನುಸುಳುತ್ತದೆ.

ಮೊದಲು ಗಂಟೆಗಳು. ಮನೆಯ ಬಾಗಿಲು ದಾಟಿದಲ್ಲಿಂದ ಮರಳಿ ಬರುವವರೆಗೆ ಎಣಿಸಿ. ಒಂದು ಲೆಕ್ಕ ನೋಡಿ: ಕಂಪೆನಿ ಹೇಳುವ ಸಿಟಿಸಿ (ನಿಮಗಾಗಿ ಅದು ಮಾಡುವ ಒಟ್ಟು ಖರ್ಚು) ವರ್ಷಕ್ಕೆ 3,60,000, ಅಂದರೆ ತಿಂಗಳಿಗೆ 30,000, ಅದರಲ್ಲಿ ಮೂಲ ವೇತನ 15,000. ಕಂಪೆನಿಯ ಪಾಲಿನ ಪಿಎಫ್ (ಭವಿಷ್ಯ ನಿಧಿ) ಮೂಲ ವೇತನದ 12 ಶೇಕಡಾ, ಅಂದರೆ 1,800, ಸಿಟಿಸಿಯೊಳಗೇ ಸೇರಿರುತ್ತದೆ. ಗ್ರಾಚ್ಯುಟಿಗೆಂದು ಮೂಲ ವೇತನದ 4.81 ಶೇಕಡಾ, ಸುಮಾರು 721, ಅದೂ ಒಳಗೇ. ಉಳಿಯುವ 27,479ರಿಂದ ನಿಮ್ಮ ಪಾಲಿನ ಪಿಎಫ್ 1,800, ಕರ್ನಾಟಕದ ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 25,479. ಒಂಬತ್ತು ಗಂಟೆಯ ಪಾಳಿ, ಕುಂಬಳೆಯಿಂದ ಹೋಗಿ ಬರಲು ಒಟ್ಟು ಮೂರು ಗಂಟೆ, ತಿಂಗಳಿಗೆ 26 ದಿನ ಎಂದುಕೊಂಡರೆ 312 ಗಂಟೆ. ಗಂಟೆಗೆ ಬೀಳುವುದು 82 ರೂಪಾಯಿಗಿಂತ ತುಸು ಕಡಿಮೆ. ಪ್ರಯಾಣ ಬಿಟ್ಟು ಲೆಕ್ಕ ಹಾಕಿದವರಿಗೆ ಅದೇ ಸಂಬಳ 109 ರೂಪಾಯಿಯಂತೆ ಕಾಣುತ್ತದೆ.

ಸರ್ಕಾರಿ ಸೀಟಿಗೂ ಹೀಗೆಯೇ ಮಾಡಿ. 2019ರ ವೇತನ ಪರಿಷ್ಕರಣೆಯಲ್ಲಿ ಎಲ್‌ಡಿ ಕ್ಲರ್ಕ್ (ಕೆಳದರ್ಜೆ ಗುಮಾಸ್ತ) ಶ್ರೇಣಿ 26,500ರಿಂದ 60,700. ಇದಕ್ಕೆ ಈಗ ಜಾರಿಯಲ್ಲಿರುವ ಡಿಎ (ತುಟ್ಟಿಭತ್ಯೆ) ಸೇರಿಸಿ. 2013ರ ಏಪ್ರಿಲ್ 1ರಿಂದೀಚೆಗೆ ಸೇರಿದವರಿಗೆ ಹಳೆಯ ಪಿಂಚಣಿಯ ಬದಲು ಎನ್‌ಪಿಎಸ್ (ವಂತಿಗೆ ಕಟ್ಟುವ ಪಿಂಚಣಿ ಯೋಜನೆ), ಮೂಲ ವೇತನ ಮತ್ತು ಡಿಎಯ 10 ಶೇಕಡಾ ಕಡಿತವಾಗುತ್ತದೆ. ಎಸ್‌ಎಲ್‌ಐ (ರಾಜ್ಯ ಜೀವವಿಮೆ), ಜಿಐಎಸ್ (ಗುಂಪು ವಿಮೆ), ಮೆಡಿಸೆಪ್ (ಆರೋಗ್ಯ ವಿಮೆ) ಕಂತುಗಳನ್ನೂ ಕಳೆಯಿರಿ. ಇಲ್ಲಿ ಆಗಾಗ ಆಗುವ ತಪ್ಪೆಂದರೆ ಎನ್‌ಪಿಎಸ್ ಕಳೆದು, ಪಿಎಫ್ ಕಳೆಯದೆ ಹೋಲಿಸುವುದು. ಕಳೆದರೆ ಎರಡನ್ನೂ ಕಳೆಯಬೇಕು, ಉಳಿತಾಯವೆಂದು ಸೇರಿಸಿದರೆ ಎರಡನ್ನೂ ಸೇರಿಸಬೇಕು.

ಇನ್ನು ಹೊರೆಯ ತೂಕ. ಆ ಸೀಟಿನಲ್ಲಿರುವ ಒಬ್ಬರನ್ನು ಒಪ್ಪಿಸಿ ಎರಡು ವಾರದ ದಿನಚರಿ ಬರೆಸಿ: ಏನು ಕೆಲಸ, ಎಷ್ಟು ನಿಮಿಷ, ಎಷ್ಟು ಸಲ ಮಧ್ಯೆ ನಿಲ್ಲಿಸಬೇಕಾಯಿತು. ಒಂದು ಸಾಮಾನ್ಯ ವಾರ, ಒಂದು ಬಿಗಿ ವಾರ ಇರಲಿ. ಪಂಚಾಯತಿಗೆ ಬಿಗಿ ಎಂದರೆ ಯೋಜನಾ ಹಣ ಖರ್ಚಾಗಬೇಕಾದ ಮಾರ್ಚ್. ವಿಲೇಜ್ ಆಫೀಸಿಗೆ ಶಾಲಾ ದಾಖಲಾತಿಯ ಸರ್ಟಿಫಿಕೇಟುಗಳೂ ಮಳೆಗಾಲದ ದುರಂತ ಡ್ಯೂಟಿಯೂ ಒಟ್ಟಿಗೆ ಬರುವ ಜೂನ್. ಖಾಸಗಿ ಬ್ಯಾಂಕಿಗೆ ತ್ರೈಮಾಸಿಕದ ಕೊನೆ. ಬಾಕಿಯನ್ನೂ ನೋಡಿ: ವಾರದ ಆರಂಭದ ಬಾಕಿಗೆ ಹೊಸದಾಗಿ ಬಂದದ್ದನ್ನು ಕೂಡಿಸಿ, ವಿಲೇವಾರಿಯಾದದ್ದನ್ನು ಕಳೆಯಿರಿ. ಕಚೇರಿಯಲ್ಲಿ ಪರ್ಸನಲ್ ರಿಜಿಸ್ಟರ್ (ಒಂದು ಸೀಟಿಗೆ ಬಂದ ಕಾಗದಗಳ ದಾಖಲೆ) ಅಥವಾ ಕಂಪ್ಯೂಟರಿನ ಇ-ಆಫೀಸ್, ಕಂಪೆನಿಯಲ್ಲಿ ಟಾರ್ಗೆಟ್ ಶೀಟು ಈ ಸಂಖ್ಯೆ ಕೊಡುತ್ತದೆ. ಖಾಲಿ ಬಿದ್ದ ಪಕ್ಕದ ಸೀಟಿನ ಹೆಚ್ಚುವರಿ ಚಾರ್ಜ್ ಇದೆಯೇ ಎಂದು ಕೇಳಲು ಮರೆಯಬೇಡಿ; ಎಷ್ಟೋ ಕಚೇರಿಗಳಲ್ಲಿ ನಿಜವಾದ ಹೊರೆ ಅದೇ.

ಸಂಖ್ಯೆಗೆ ಸಿಗದ ದಣಿವಿಗೆ ನಾಸಾದ ಟಿಎಲ್‌ಎಕ್ಸ್ ಮಾಪನವಿದೆ. ಬುದ್ಧಿಯ ಶ್ರಮ, ಮೈಯ ಶ್ರಮ, ಸಮಯದ ಒತ್ತಡ, ಕೆಲಸ ಎಷ್ಟು ಸರಿಹೋಯಿತು, ಎಷ್ಟು ಪ್ರಯತ್ನ ಬೇಕಾಯಿತು, ಕಿರಿಕಿರಿ ಎಷ್ಟು ಎಂಬ ಆರಕ್ಕೆ 0ರಿಂದ 100ರವರೆಗೆ ಅಂಕ ಕೊಟ್ಟು ಸರಾಸರಿ ತೆಗೆಯಿರಿ. ನಾಲ್ಕನೆಯದರಲ್ಲಿ ಹೆಚ್ಚಿನವರು ಎಡವುತ್ತಾರೆ: ಅಲ್ಲಿ ಚೆನ್ನಾಗಿ ಆದರೆ 0, ಪೂರ್ತಿ ಕೆಟ್ಟರೆ 100. ತಿರುಗಿಸಿ ಬರೆದರೆ ಸರಾಸರಿಯೇ ಸುಳ್ಳಾಗುತ್ತದೆ. ಜೊತೆಗೆ, ಕೆಲಸದ ಕ್ರಮವನ್ನು ತಾವೇ ನಿರ್ಧರಿಸಬಹುದೇ ಎಂದು ಕೇಳಿ. ಒತ್ತಡ ಹೆಚ್ಚು, ಹಿಡಿತ ಕಡಿಮೆ ಇರುವ ಸೀಟೇ ಮನುಷ್ಯನನ್ನು ಸವೆಸುವುದೆಂದು ಕೆಲಸದ ಒತ್ತಡದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ವಾದಿಸಿದ್ದಾರೆ. ಕೌಂಟರಿನ ಗುಮಾಸ್ತರಿಗೂ ಕಾಲ್ ಸೆಂಟರಿನವರಿಗೂ ಇದು ಸಮಾನವಾಗಿ ಹೊಂದುತ್ತದೆ.

ನಮ್ಮ ಜಿಲ್ಲೆಯ ಹೊರೆಯೊಂದು ಯಾವ ರಿಜಿಸ್ಟರಿನಲ್ಲೂ ಕಾಣುವುದಿಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕಚೇರಿಗೆ ಕನ್ನಡದಲ್ಲಿ ಬರೆದ ಅರ್ಜಿ ಬಂದರೆ, ಅದು ಯಾವ ವಿಷಯದ್ದಾದರೂ ಕನ್ನಡ ಬಲ್ಲವರ ಮೇಜಿಗೇ ಬರುತ್ತದೆ. ಓದಿ, ಸಾರಾಂಶವನ್ನು ಮಲಯಾಳದಲ್ಲಿ ಟಿಪ್ಪಣಿ ಮಾಡಿ, ಉತ್ತರವನ್ನು ಮತ್ತೆ ಕನ್ನಡಕ್ಕೆ ತರಬೇಕು. ಫೈಲು ಮಾತ್ರ ಬೇರೆಯವರ ಹೆಸರಿನಲ್ಲಿ ವಿಲೇವಾರಿ. ದಿನಚರಿಯಲ್ಲಿ ಇದಕ್ಕೆ ಪ್ರತ್ಯೇಕ ಕಾಲಂ ಹಾಕಿಸಿ. ಸೇರಿದ ಮೇಲೆ ನೀವೂ ದಿನಾಂಕ, ಫೈಲ್ ನಂಬರ್, ನಿಮಿಷ ಬರೆದಿಟ್ಟು, ಕೆಲಸ ಹಂಚುವಾಗ ಮೇಲಧಿಕಾರಿಯ ಮುಂದಿಡಿ. ವೃದ್ಧೆಯೊಬ್ಬರು ತಮ್ಮ ಪಿಂಚಣಿ ಏಕೆ ನಿಂತಿತೆಂದು ತಮ್ಮದೇ ಮಾತಿನಲ್ಲಿ ಕೇಳಿ ತಿಳಿದುಕೊಂಡು ಹೋಗುವುದು ಸಣ್ಣ ಸಂಗತಿಯಲ್ಲ. ಹಾಗಾಗಿ ಇದೇ ಕೆಲಸ ಹುಮ್ಮಸ್ಸಿನ ಹಾಳೆಯಲ್ಲೂ ಬರುತ್ತದೆ.

ಆ ಹಾಳೆಗೆ ‘ತೃಪ್ತಿ ಇದೆಯೇ’ ಎಂಬ ಪ್ರಶ್ನೆ ಬೇಡ. ಎಲ್ಲರೂ ಇದೆ ಎನ್ನುತ್ತಾರೆ. ಯಾರೂ ಹೇಳದಿದ್ದರೂ ಕಳೆದ ತಿಂಗಳು ಯಾವ ದಿನ ತಡವಾಗಿ ಕೂತಿರಿ, ಯಾತಕ್ಕೆ ಎಂದು ಕೇಳಿ. ಸಂಬಳ, ಭದ್ರತೆ, ರಜೆ ಸರಿಯಿದ್ದರೆ ಅಸಮಾಧಾನ ತಗ್ಗುತ್ತದೆ, ಹುಮ್ಮಸ್ಸು ಹುಟ್ಟುವುದು ಕೆಲಸದ ಫಲ ಕಣ್ಣಿಗೆ ಕಂಡಾಗ ಮತ್ತು ಹೊಸದು ಕಲಿತಾಗ. 1950ರ ದಶಕದಲ್ಲಿ ಮನೋವಿಜ್ಞಾನಿ ಹರ್ಜ್‌ಬರ್ಗ್ ಮಾಡಿದ ಈ ವಿಂಗಡಣೆ ಇಂದಿಗೂ ಉಪಯುಕ್ತ. ಖಾಸಗಿಯಲ್ಲಿ ಇನ್‌ಸೆಂಟಿವ್ ಹುರಿದುಂಬಿಸುವುದು ಟಾರ್ಗೆಟ್ ಕೈಗೆಟಕುವಷ್ಟು ದಿನ ಮಾತ್ರ. ಮುಟ್ಟಿದ ಕೂಡಲೇ ಏರಿಸುವ ಕಡೆ ಜನ ಬೇಕೆಂದೇ ಸ್ವಲ್ಪ ಕಡಿಮೆ ಮಾಡಿ ನಿಲ್ಲಿಸುತ್ತಾರೆ. ಸರ್ಕಾರಿಯಲ್ಲಿ ಬಡ್ತಿ ಸೇವಾಹಿರಿತನ ಮತ್ತು ಇಲಾಖಾ ಪರೀಕ್ಷೆಗಳ ಮೇಲೆ ನಿಂತಿದೆ. ಹೆಚ್ಚು ದುಡಿದರೂ ಸರದಿ ಬೇಗ ಬರುವುದಿಲ್ಲ. ಪರೀಕ್ಷೆಗೆ ಓದುವ ಗಂಟೆಗಳನ್ನು ಹೊರೆಯ ಹಾಳೆಗೆ ಸೇರಿಸಿ.

ಯಾರನ್ನು ಕೇಳುತ್ತೀರಿ ಎಂಬುದೂ ಮುಖ್ಯ. ನಿವೃತ್ತಿಯ ಅಂಚಿನಲ್ಲಿರುವ ಬಂಧುಗಳ ಅಭಿಪ್ರಾಯದ ಹಿಂದೆ ಹಳೆಯ ಪಿಂಚಣಿ ಇದೆ, ನಿಮಗೆ ಅದು ಅನ್ವಯಿಸದು. 2013ರ ನಂತರ ಸೇರಿ, ಪ್ರೊಬೇಷನ್ ಮುಗಿಸಿ, ಒಂದಾದರೂ ವರ್ಗಾವಣೆ ಕಂಡವರನ್ನು ಕೇಳಿ. ಕಂಪೆನಿಯ ಬಗ್ಗೆಯಾದರೆ ಈಗ ಇರುವವರಿಗಿಂತ, ಎರಡು ಮೂರು ವರ್ಷ ದುಡಿದು ಬಿಟ್ಟವರ ಮಾತಿಗೆ ಹೆಚ್ಚು ಬೆಲೆ ಕೊಡಿ.