ಮಳೆಗಾಲದ ಹಸಿರು ಮಂಕಾದದ್ದು

ತೀರ್ಥಹಳ್ಳಿ ಹತ್ತಿರ ನಮ್ಮ ಚಿಕ್ಕಪ್ಪನ ಹೋಮ್‌ಸ್ಟೇ ಇದೆ. ಅದರ ವೆಬ್‌ಸೈಟಿಗೆ ಫೋಟೊ ಹಾಕುವ ಕೆಲಸ ನನ್ನ ತಲೆಗೆ ಬಿತ್ತು. ಜುಲೈ ಮಳೆಯಲ್ಲಿ ಆಗುಂಬೆವರೆಗೂ ಸುತ್ತಿ ಫೋಟೊ ತೆಗೆದೆ. ಚೆನ್ನಾಗಿದ್ದ 15ನ್ನು ಹಾಗೇ ಏರಿಸಿಬಿಟ್ಟೆ. ರಾತ್ರಿ ಚಿಕ್ಕಪ್ಪನ ಫೋನ್ ಬಂತು.

"ಎಂಥದು ಮಾರಾಯ, ಒಂದು ಫೋಟೊ ಬರೋದ್ರೊಳಗೆ ಕಾಫಿ ಕುಡಿದಾಯ್ತು. ಬಂದಿದ್ದೂ ಮಂಕು. ನಮ್ಮ ಕಾಡು ಬೇಸಿಗೆ ಕಾಡಿನ ಹಾಗೆ ಕಾಣ್ತದೆ!"

ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ. ಒಂದೊಂದು ಚಿತ್ರವೂ 6000 ಗುಣಿಸು 4000 ಪಿಕ್ಸೆಲ್, ಹತ್ತತ್ತಿರ 10 ಎಂಬಿ. ಅಂಗಳದ ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವ ಮನೆಯಲ್ಲಿ ಅದು ಇಳಿಯುವುದು ಯಾವಾಗ? ಈಗ ಜಿಂಪ್ ಎಂಬ ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ಉದ್ದದ ಬದಿಯನ್ನು 1600 ಪಿಕ್ಸೆಲ್‌ಗೆ ಇಳಿಸುತ್ತೇನೆ. ಇಳಿಸಿದ ಮೇಲೆ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ, ಆಗ ಚೂರು ಶಾರ್ಪ್ ಮಾಡುತ್ತೇನೆ. 72 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಮಾಡು ಅಂತ ಯಾರೋ ಹೇಳಿದ್ದರು. ಅದೆಲ್ಲ ಪ್ರಿಂಟಿನ ಲೆಕ್ಕ, ವೆಬ್‌ಸೈಟಿನಲ್ಲಿ ಏನೂ ಬದಲಾಗುವುದಿಲ್ಲ.

ಮಂಕಿನ ಕತೆ ಬೇರೆ. ಪ್ರಿಂಟಿಗೆ ಅಂತ ಯಾವತ್ತೋ ಕ್ಯಾಮೆರಾವನ್ನು ಅಡೋಬಿ ಆರ್‌ಜಿಬಿ ಎಂಬ ಬಣ್ಣದ ವ್ಯವಸ್ಥೆಗೆ ಇಟ್ಟಿದ್ದೆ. ಹಸಿರಿನ ಛಾಯೆಗಳು ಅದರಲ್ಲಿ ಜಾಸ್ತಿ ಹಿಡಿಸುತ್ತವೆ. ಆದರೆ ಏರಿಸುವಾಗ, ಬಣ್ಣ ಯಾವ ವ್ಯವಸ್ಥೆಯದು ಎಂದು ಹೇಳುವ ಕಲರ್ ಪ್ರೊಫೈಲ್ ಕಳಚಿಹೋಗಿತ್ತು. ಬ್ರೌಸರ್ ಅದನ್ನು ವೆಬ್ಬಿನ ಮಾಮೂಲಿ ವ್ಯವಸ್ಥೆಯಾದ ಎಸ್‌ಆರ್‌ಜಿಬಿ ಎಂದೇ ಓದಿತು, ಹಸಿರು ಸತ್ತಿತು. ಮೊದಲೇ ಎಸ್‌ಆರ್‌ಜಿಬಿಗೆ 'ಕನ್ವರ್ಟ್' ಮಾಡಬೇಕು. 'ಅಸೈನ್' ಒತ್ತಿದರೆ ಹೆಸರು ಮಾತ್ರ ಬದಲಾಗುತ್ತದೆ, ಮಂಕು ಹಾಗೇ ಇರುತ್ತದೆ. ನಾನು ಒಂದು ಸಂಜೆ ಪೂರ್ತಿ ಅದನ್ನೇ ಒತ್ತಿ ಒತ್ತಿ ನೋಡಿದವನು!

ಫೈಲ್ ಹಗುರಾಗಲಿ ಅಂತ ಇಳಿಸುವ ಜೆಪೆಗ್ ಕ್ವಾಲಿಟಿಯ ಅಂಕಿಯಲ್ಲೂ (100ರವರೆಗೆ) ಒಂದು ತಮಾಷೆ ಇದೆ. 60ಕ್ಕೆ ಇಳಿಸಿದರೂ ಎಲೆ, ಪಾಚಿ, ಜರಿಗಿಡದ ಚಿತ್ರ ಚೆನ್ನಾಗಿಯೇ ಕಂಡಿತು. ಅಷ್ಟು ಗಿಜಿಗಿಜಿಯಲ್ಲಿ ಕೆಟ್ಟದ್ದು ಕಣ್ಣಿಗೆ ಬೀಳುವುದಿಲ್ಲ. ಮಂಜು ಕವಿದ ಗುಡ್ಡ ಮಾತ್ರ ಪಟ್ಟೆ ಪಟ್ಟೆಯಾಯಿತು. ಹಾಗಾಗಿ ಕಾಡಿಗೆ 70, ಮಂಜಿಗೆ 85. ಮಂಜಿನ ಫೈಲ್ ಆಗಲೂ ಹಗುರವೇ. ಹೇಗೂ ಎಲ್ಲ ಅರ್ಧ ಎಂಬಿಯೊಳಗೆ ಬರುತ್ತವೆ. ಕೆಲಸ ನಕಲಿನ ಮೇಲೆ, ಮೂಲ ಫೈಲ್ ಮುಟ್ಟುವುದಿಲ್ಲ. ಜೆಪೆಗ್ಗನ್ನು ತಿದ್ದಿ ತಿದ್ದಿ ಉಳಿಸಿದಷ್ಟೂ ಕೆಡುತ್ತದೆ.

ಕೊನೆಗೆ ಚಿಕ್ಕಮ್ಮ ತನ್ನ ಫೋನಿನಲ್ಲಿ ತೆಗೆದ ಸೀತಾಳೆ ದಂಡೆಯ (ಮರದ ಮೇಲೆ ಬೆಳೆಯುವ ಕಾಡು ಆರ್ಕಿಡ್ ಹೂವಿನ) ಫೋಟೊ ಕೊಟ್ಟರು. "ಎಲ್ಲಿ ಅಂತ ಬರೀಬೇಡ, ಕಿತ್ಕೊಂಡು ಹೋಗ್ತಾರೆ" ಅಂದರು. ನಾನು ಬರೆಯಲಿಲ್ಲ. ಆದರೆ ಫೋನಿನ ಜಿಪಿಎಸ್ ಆ ಮರದ ಜಾಗವನ್ನು ಫೈಲಿನೊಳಗೇ ಬರೆದಿಟ್ಟಿತ್ತು, ಅಲ್ವಾ! ಆಮೇಲಿಂದ ಎಕ್ಸ್‌ಪೋರ್ಟ್ ಮಾಡುವಾಗ ಇಂಥ ಮಾಹಿತಿ ಫೈಲಿನೊಳಗೆ ಕೂರುವ ಎಕ್ಸಿಫ್, ಎಕ್ಸ್‌ಎಂಪಿ ಎರಡರ ಟಿಕ್ ತೆಗೆಯುತ್ತೇನೆ. ಕಲರ್ ಪ್ರೊಫೈಲಿನ ಟಿಕ್ ಮಾತ್ರ ಮುಟ್ಟುವುದಿಲ್ಲ.